ನಾನು ನುಂಗಿದ ವಾಕ್ಯ

ಬಹರೈನಿನ ಜುಫೈರ್ ಬಡಾವಣೆಯ ಒಂದು ಹೋಟೆಲಿನ ಮೀಟಿಂಗ್ ರೂಮಿನಲ್ಲಿ ನಾನು ಒಂದು ವಾರದಲ್ಲಿ ಐದು ದಿನ ದುಭಾಷಿಯಾಗಿ ಕೂತಿದ್ದೆ. ಆ ವಾರದಲ್ಲಿ ನೂರಾರು ಮಾತುಗಳನ್ನು ಕನ್ನಡದಿಂದ, ತುಳುವಿನಿಂದ, ಹಿಂದಿಯಿಂದ ಇಂಗ್ಲಿಷಿಗೆ ದಾಟಿಸಿದೆ. ದಾಟಿಸದೆ ಬಿಟ್ಟದ್ದು ಒಂದೇ ವಾಕ್ಯ. ಆ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನೆನಪಾಗುವುದು ಅದೊಂದೇ, ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ನಾಚಿಕೆ ಎನ್ನುವುದು ನನಗೆ ಮೊದಲು ಕಿವಿಗೇ ಬರುವುದು.

ನಾನು ಮನಾಮದ ಒಂದು ವಕೀಲರ ಕಚೇರಿಯಲ್ಲಿ ಸೆಕ್ರೆಟರಿ. ಫೈಲು ಜೋಡಿಸುವುದರಿಂದ ಹಿಡಿದು ಬಂದವರಿಗೆ ಕರಕ್ ಚಹಾ ತರಿಸುವವರೆಗೆ ಎಲ್ಲವೂ ನನ್ನ ತಲೆಗೇ. ಬೇರೊಂದು ಹೋಟೆಲ್ ಕಂಪನಿಯ ಕೆಲಸಗಾರರು ತಮ್ಮ ಕಷ್ಟಗಳನ್ನು ಬರೆದು ಒಂದು ದೂರು ಕೊಟ್ಟಿದ್ದರು. ಕಂಪನಿಯವರು ಹೊರಗಿನವರಿಂದ ವಿಚಾರಣೆ ಮಾಡಿಸಲು ಒಪ್ಪಿದರು. ವಿಚಾರಣೆ ಮಾಡಿದವರು ಏನು ಹೇಳುತ್ತಾರೋ ಅದಕ್ಕೆ ಬದ್ಧ ಎಂದು ಎರಡೂ ಕಡೆಯವರು ಸಹಿ ಹಾಕಿದರು. ಕಾಗದಪತ್ರದ ಹೊಣೆ ನಮ್ಮ ಕಚೇರಿಯದು. ದೂರು ಕೊಟ್ಟವರಲ್ಲಿ ನಮ್ಮ ಕರಾವಳಿಯವರೇ ಹೆಚ್ಚು. ಬಾಸ್ ನನ್ನನ್ನು ಕರೆದು, ನಿನಗೆಷ್ಟು ಭಾಷೆ ಬರುತ್ತದೆ ಎಂದು ಕೇಳಿದರು. ನಾನು ಹೆಮ್ಮೆಯಿಂದ ಬೆರಳು ಮಡಚಿ ಲೆಕ್ಕ ಹೇಳಿದೆ.

ವಿಚಾರಣೆಗೆ ಬಂದವರು ಪೂರ್ವ ಆಫ್ರಿಕಾದ ಒಬ್ಬ ನಿವೃತ್ತ ನ್ಯಾಯಾಧೀಶೆ. ಅವರ ಪರಿಚಯದ ಎರಡು ಪುಟಗಳನ್ನು ನಾನೇ ಪ್ರಿಂಟ್ ತೆಗೆದಿದ್ದೆ: ತಮ್ಮ ದೇಶದ ಹೈಕೋರ್ಟು, ಆಮೇಲೆ ಹಲವು ದೇಶಗಳು ಸೇರಿ ಮಾಡಿಕೊಂಡ ಮಾನವ ಹಕ್ಕುಗಳ ನ್ಯಾಯಾಲಯ, ಜೈಲುಗಳ ತನಿಖೆ, ಹೀಗೆ. ಓದಿ ನಾನು ಆಳೆತ್ತರದ ಗಂಭೀರ ಹೆಂಗಸೊಬ್ಬರನ್ನು ಊಹಿಸಿಕೊಂಡಿದ್ದೆ. ಬಂದವರು ನನಗಿಂತ ಗಿಡ್ಡ. ಚಪ್ಪಟೆ ಚಪ್ಪಲಿ, ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಚೂಪು ಮಾಡಿಟ್ಟ ಪೆನ್ಸಿಲುಗಳು. ಮೇಜಿನ ಮೇಲೆ ಒಂದು ಹಳೆಯ ಕೈಗಡಿಯಾರ ಬಿಚ್ಚಿಟ್ಟು ಕೂತರು.

ಮೊದಲ ದಿನ ಸಾಕ್ಷಿಗಳು ಬರುವ ಮುಂಚೆ ನನ್ನನ್ನು ಕೂರಿಸಿಕೊಂಡು ಕೆಲಸದ ಕ್ರಮ ಹೇಳಿದರು. ಸಾಕ್ಷಿ "ನಾನು" ಎಂದರೆ ನೀವೂ "ನಾನು" ಎನ್ನಬೇಕು, "ಅವಳು ಹೇಳುತ್ತಾಳೆ" ಎನ್ನಬಾರದು. ತೊದಲಿದರೆ ತೊದಲಿದ್ದನ್ನೇ ಕೊಡಿ, ಬೈದರೆ ಬೈಗುಳವನ್ನೇ ಕೊಡಿ, ಅಂದಗಾಣಿಸಬೇಡಿ. ತಪ್ಪು ಮಾಡಿದ್ದು ಗೊತ್ತಾದರೆ ಕೈಯೆತ್ತಿ "ದುಭಾಷಿಯ ತಿದ್ದುಪಡಿ" ಎಂದು ಹೇಳಿ, ರೆಕಾರ್ಡಿಗೆ ಸೇರುತ್ತದೆ, ಯಾರೂ ಬೈಯುವುದಿಲ್ಲ. ಕೊನೆಗೆ, ಟೈಪಾದ ಹೇಳಿಕೆಯನ್ನು ಸಾಕ್ಷಿಯ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ.

"ಈ ಕೊನೆಯದನ್ನು ನಾನು ಹೋದ ಕಡೆಯಲ್ಲೆಲ್ಲ ಹಟ ಹಿಡಿದು ಮಾಡಿಸಿದ್ದೇನೆ. ಯಾಕೆ ಗೊತ್ತೇ?" ಎಂದರು. ಅವರ ಮೊದಲ ನೌಕರಿ ಸರೋವರದ ದಂಡೆಯ ಒಂದು ಸಣ್ಣ ಊರಿನಲ್ಲಿ. ಕೋರ್ಟಿನ ಭಾಷೆ ಇಂಗ್ಲಿಷು, ಸಾಕ್ಷಿಗಳದ್ದು ಇವರ ತಾಯಿಯ ಭಾಷೆ. ಆದರೂ ಮಧ್ಯೆ ದುಭಾಷಿ ಬೇಕು, ಅದು ಕಾನೂನು. ಒಂದು ದಿನ ದುಭಾಷಿ ಆರೋಪಿಯ ಮಾತಿನ ಅರ್ಧವನ್ನು ಬಿಟ್ಟುಬಿಟ್ಟ. ಅದು ಇವರ ಕಿವಿಗೆ ಬಿತ್ತು. ವಕೀಲರೆಲ್ಲ ತಂದೆಯ ವಯಸ್ಸಿನವರು, ಇವರು ಹೊಸಬರು, ಹೆಂಗಸು ಬೇರೆ. ಸುಮ್ಮನಿದ್ದರು. ರೆಕಾರ್ಡಿನಲ್ಲಿ ಇದ್ದುದನ್ನು ನೋಡಿ ತೀರ್ಪು ಬರೆದರು. ಆ ಮನುಷ್ಯ ಜೈಲಿಗೆ ಹೋದ. "ನನ್ನ ಪರಿಚಯದ ಪುಟಗಳಲ್ಲಿ ಅದು ಇಲ್ಲ," ಎಂದು ಹೇಳಿ ಪೆನ್ಸಿಲು ಎತ್ತಿಕೊಂಡರು. ನಾನು ತಲೆಯಾಡಿಸಿದೆ. ಪುರಾಣ ಕೇಳುವಾಗ ಹಿಂದೆ ಕೂತವರು ಆಡಿಸುವ ಹಾಗೆ.

ಆಮೇಲೆ ಒಂದು ಫಾರ್ಮ್ ಕೊಟ್ಟರು. ಸಾಕ್ಷಿಗಳಲ್ಲಿ ಯಾರಾದರೂ ನಿಮಗೆ ಪರಿಚಯವೇ? ಪಟ್ಟಿ ನೋಡಿದೆ. ಎಲ್ಲ ಪಾಸ್‌ಪೋರ್ಟಿನ ಹೆಸರುಗಳು, ಮಾರುದ್ದ. ಇಲ್ಲಿ ಕನ್ನಡ ಮಾತಾಡುವವರೆಲ್ಲ ಒಂದಲ್ಲ ಒಂದು ಕಾರ್ಯಕ್ರಮದಲ್ಲಿ ಮುಖ ನೋಡಿದವರೇ. ಅದಕ್ಕೆಲ್ಲ "ಹೌದು" ಎಂದರೆ ನನಗೆ ಕೆಲಸವೇ ಇರುವುದಿಲ್ಲ. "ಇಲ್ಲ" ಎಂಬುದಕ್ಕೆ ಗುರುತು ಹಾಕಿದೆ, ಪ್ರಮಾಣವನ್ನೂ ಮಾಡಿದೆ.

ಎರಡನೇ ದಿನ ವೇಟರುಗಳು, ಅಡುಗೆಯವರು ಬಂದು ಹೋದರು. ಎಲ್ಲ ಸರಾಗವಾಗಿ ನಡೆಯಿತು. ಮಧ್ಯಾಹ್ನ ನ್ಯಾಯಾಧೀಶೆ "ಒಳ್ಳೆಯ ಕೆಲಸ" ಎಂದರು. ಬುಸೈತೀನಿನ ಮನೆಗೆ ಹೋಗಿ ಗಂಡನಿಗೆ ಅದನ್ನು ಎರಡು ಸಲ ಹೇಳಿದೆ.

ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದು ಬಂದ ಹೆಂಗಸನ್ನು ನೋಡಿದ ಕೂಡಲೇ ನಾನು ಸಾಕ್ಷಿಗಳ ಪಟ್ಟಿ ತಿರುವಿದೆ. ಅಲ್ಲಿದ್ದ ಒಂದು ಮಾರುದ್ದದ ಹೆಸರು ಇವಳದೇ. ನಾವು ಇಲ್ಲಿಯ ಕನ್ನಡ ಸಂಘದಲ್ಲಿ ಇವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಲಾಂಡ್ರಿಯವಳು ಎಂದೇ ಹೇಳುತ್ತಿದ್ದೆವು. ಕಾರ್ಕಳದ ಕಡೆಯವಳು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಬ್ಬ, ನೀವಾ ಅಕ್ಕ! ಇನ್ನು ನಂಗೆ ಹೆದರಿಕೆ ಇಲ್ಲ," ಎಂದಳು.

ಆಗಲೇ ಕೈಯೆತ್ತಬೇಕಿತ್ತು. ಇವಳು ನನಗೆ ಪರಿಚಯ, ನಾನು ಫಾರ್ಮಿನಲ್ಲಿ ತಪ್ಪು ಗುರುತು ಹಾಕಿದ್ದೇನೆ ಎಂದರೆ ಮುಗಿಯುತ್ತಿತ್ತು. "ಸಾಕ್ಷಿ ನಮಸ್ಕಾರ ಹೇಳುತ್ತಿದ್ದಾರೆ" ಎಂದೆ.

ಅವಳ ದೂರು ಇಷ್ಟು. ಹೋಟೆಲಿನ ಬೆಡ್‌ಶೀಟುಗಳನ್ನು ಬಿಸಿ ರೋಲರುಗಳ ಮಧ್ಯೆ ಹಾಯಿಸಿ ಇಸ್ತ್ರಿ ಮಾಡುವ ದೊಡ್ಡ ಯಂತ್ರದ ಮುಂದೆ ಅವಳ ಕೆಲಸ. ಯಂತ್ರದ ಬಾಯಿಯಲ್ಲಿ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಕೈ ತಾಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಹೋಟೆಲು ತುಂಬಿದ ದಿನಗಳಲ್ಲಿ ಅದು ಪದೇ ಪದೇ ನಿಂತರೆ ಕೆಲಸ ಸಾಗುವುದಿಲ್ಲವೆಂದು ಸೂಪರ್‌ವೈಸರ್ ಆ ಪಟ್ಟಿಯನ್ನು ಬಟ್ಟೆಯ ತುಂಡಿನಿಂದ ಮೇಲಕ್ಕೆ ಕಟ್ಟಿಸಿದ್ದರು. ಒಂದು ದಿನ ಶೀಟಿನ ಜೊತೆ ಅವಳ ಬಲಗೈಯೂ ಒಳಗೆ ಹೋಯಿತು. ಆಸ್ಪತ್ರೆಯ ಕಾಗದದಲ್ಲಿ "ವಸತಿಯ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಬಿದ್ದದ್ದು" ಎಂದು ಬರೆಸಿದರು. ಗಾಯ ಮಾಗುತ್ತ ಚರ್ಮ ಎಳೆದುಕೊಂಡು ಮೂರು ಬೆರಳುಗಳು ಮಡಚಿಕೊಂಡೇ ಉಳಿದವು. ಆಪರೇಷನ್ ಆದರೆ ಬಿಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ಕಂಪನಿ ಮಾತ್ರ, ಅದು ಅಡುಗೆಮನೆಯ ಗಾಯ, ನಮಗೆ ಸಂಬಂಧವಿಲ್ಲ, ಕೆಲಸ ಮುಗಿಯಿತು, ಊರಿಗೆ ಟಿಕೆಟ್ ಕೊಡುತ್ತೇವೆ ಎಂದಿತ್ತು. ಆ ಕೈ ತೆರೆಯುತ್ತದೋ ಇಲ್ಲವೋ ಎಂಬುದು, ಗಾಯ ಎಲ್ಲಿ ಆಯಿತೆಂದು ನ್ಯಾಯಾಧೀಶೆ ನಂಬುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಕಂಪನಿಯ ವಕೀಲರು ಕೇಳಿದರು: "ಯಂತ್ರದಿಂದ ಆದ ಗಾಯವಾಗಿದ್ದರೆ ಆಗಲೇ ಯಾರಿಗಾದರೂ ಹೇಳಬೇಕಿತ್ತಲ್ಲ? ಹೇಳಿದ್ದು ನಾಲ್ಕು ತಿಂಗಳ ಮೇಲೆ, ಕೆಲಸ ಹೋದ ನಂತರ. ಯಾಕೆ?"

ನಾನು ಕನ್ನಡದಲ್ಲಿ ಕೇಳಿದೆ. ಅವಳು ನನ್ನತ್ತ ತಿರುಗಿ ಎಡಗೈಯ ಬೆರಳು ಚಾಚಿದಳು.

"ಹೇಳ್ಲಿಲ್ಲ ಅಂತ ಯಾರು ಹೇಳಿದ್ದು? ಅದೇ ವಾರ ಹೇಳಿದ್ದೇನಲ್ಲ. ಶುಕ್ರವಾರ ಕೋಲಾಟದ ಪ್ರಾಕ್ಟೀಸಿಗೆ ಬಂದು ನಿಮ್ಗೇ ಹೇಳಿದ್ದಲ್ವಾ ಅಕ್ಕ? ಪಟ್ಟಿ ಕಟ್ಟಿದ್ದು, ಫಾರ್ಮಲ್ಲಿ ಎಣ್ಣೆ ಅಂತ ಬರ್ಸಿದ್ದು, ಎಲ್ಲಾ. ಈಗ ಅದನ್ನೆಲ್ಲ ಎತ್ಬೇಡ, ನಾನೇ ಅವ್ರ ಹತ್ರ ಮಾತಾಡ್ತೇನೆ ಅಂತ ಹೇಳಿದ್ರಲ್ಲ ನೀವು. ಹಾಗಾಗಿ ಸುಮ್ನೆ ಕೂತೆ."

ಎಲ್ಲ ನಿಜ. ಜಿಂಜ್‌ನಲ್ಲಿ ಬಾಡಿಗೆಗೆ ಹಿಡಿದ ಹಾಲಿನಲ್ಲಿ ನಾವು ರಾಜ್ಯೋತ್ಸವಕ್ಕೆ ಕೋಲಾಟ ಅಭ್ಯಾಸ ಮಾಡುತ್ತಿದ್ದೆವು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅವಳು ಬಂದಿದ್ದಳು. ನಾನು ಮಹಿಳಾ ವಿಭಾಗದ ಮುಖ್ಯಸ್ಥೆ. ಅವಳ ಸೂಪರ್‌ವೈಸರ್ ನಮ್ಮ ಸಂಘದ ಉಪಾಧ್ಯಕ್ಷರು. ಅವರು ಕೆಟ್ಟವರಲ್ಲ. ನನ್ನ ಗಂಡನ ಕಂಪನಿ ಮುಚ್ಚಿ ವೀಸಾ ತೂಗಾಡುತ್ತಿದ್ದಾಗ ಮೂರು ದಿನ ರಜೆ ಹಾಕಿ ನಮ್ಮ ಜೊತೆ ಕಚೇರಿಯಿಂದ ಕಚೇರಿಗೆ ಓಡಾಡಿದವರು. ಪರದೇಶದಲ್ಲಿ ನಮ್ಮವರ ಜಗಳವನ್ನು ನಮ್ಮಲ್ಲೇ ಮುಗಿಸಬೇಕು, ಹೊರಗೆ ಹೋದರೆ ಎಲ್ಲರ ಮರ್ಯಾದೆ ಹೋಗುತ್ತದೆ ಎಂಬುದು ನಮ್ಮ ಸಂಘದ ಬರೆಯದ ನಿಯಮ. ಗಂಡ ಹೆಂಡಿರ ಜಗಳ, ರೂಮ್‌ಮೇಟುಗಳ ಜಗಳ, ಎಷ್ಟನ್ನೋ ನಾನು ಹಾಗೆ ಮುಗಿಸಿದ್ದೇನೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಅವತ್ತು ಸಂಜೆ ಉಪಾಧ್ಯಕ್ಷರು ಮೈಕ್ ಜೋಡಿಸುತ್ತಿದ್ದರು. ಮಾತಾಡಲೆಂದೇ ಹತ್ತಿರ ಹೋದೆ. "ಊಟಕ್ಕೆ ಎಷ್ಟು ಜನ ಅಂತ ಹೇಳ್ಲಿ ಅಣ್ಣ?" ಎಂದು ಕೇಳಿ ವಾಪಸು ಬಂದೆ. ಅಷ್ಟೇ ನಾನು ಮಾತಾಡಿದ್ದು.

ಈಗ ಮೀಟಿಂಗ್ ರೂಮಿನಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕ್ರಮದ ಪ್ರಕಾರ, "ನಾನು ನಿಮಗೇ ಹೇಳಿದ್ದೆ" ಎಂಬುದನ್ನು ನನ್ನ ಬಾಯಿಂದಲೇ, ನನ್ನ ಮೇಲೆಯೇ ಹೇಳಬೇಕಿತ್ತು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು: "ನನಗೆ ಹೆದರಿಕೆಯಾಗಿತ್ತು. ಎಲ್ಲ ಸರಿಹೋಗುತ್ತದೆ ಎಂದುಕೊಂಡು ಸುಮ್ಮನಿದ್ದೆ."

ನ್ಯಾಯಾಧೀಶೆ ಗಡಿಯಾರದತ್ತ ನೋಡಿ ಪುಟದ ಅಂಚಿನಲ್ಲಿ ಏನೋ ಗೀಚಿಕೊಂಡರು. ವಕೀಲರು ಮುಂದಿನ ಪ್ರಶ್ನೆಗೆ ಹೋದರು.

ಅಲ್ಲಿಗೇ ನಿಂತಿದ್ದರೂ ಗಾಬರಿಯಲ್ಲಿ ಆದದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ನಾಲ್ಕನೇ ದಿನದ್ದಕ್ಕೆ ಆ ನೆಪವೂ ಇಲ್ಲ. ಹೇಳಿಕೆ ಟೈಪಾಗಿ ಬಂತು. ಪಕ್ಕದ ಸಣ್ಣ ಕೋಣೆಯಲ್ಲಿ ಅದನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಜೊತೆಗೆ ಕೂತಿದ್ದ ಗುಮಾಸ್ತನಿಗೆ ಕನ್ನಡ ಬಾರದು. ಅವಳು ತಲೆ ಬಗ್ಗಿಸಿ, ಪಾಠ ಒಪ್ಪಿಸುವವಳ ಹಾಗೆ ತುಟಿ ಆಡಿಸುತ್ತ ಕೇಳಿಸಿಕೊಂಡಳು. ಆ ಜಾಗ ಬಂದಾಗ ತಲೆಯೆತ್ತಿದಳು.

"ನಿಮ್ಗೆ ಹೇಳಿದ್ದು ಎಲ್ಲಿ ಅಕ್ಕ? ಅದು ಬರ್ಲಿಲ್ಲ."

"ಅದು ಬೇಡ ಮಾರಾಯ್ತಿ. ಅದು ಕೇಸಿಗೆ ಬೇಕಾಗುವುದಿಲ್ಲ."

"ಹೌದಾ? ಬೇಡ್ವಾ?"

"ಬೇಡ. ಇದೇ ಸಾಕು."

"ನೀವು ಹೇಳಿದ್ರೆ ಸರಿ," ಎಂದು ಎಡಗೈಯಲ್ಲಿ ಪೆನ್ನು ಹಿಡಿದು, ಅಂಕುಡೊಂಕಾಗಿ, ಪ್ರತಿ ಪುಟಕ್ಕೂ ಸಹಿ ಹಾಕಿದಳು. ನಾನು ಪುಟ ಜಾರದಂತೆ ಹಿಡಿದುಕೊಂಡಿದ್ದೆ. ಈಗ ಬರೆಯುತ್ತಿರುವಾಗಲೂ ಇದೇ ಜಾಗದಲ್ಲಿ ನನಗೆ ನನ್ನ ಮುಖಕ್ಕೆ ಉಗಿಯಬೇಕೆನಿಸುತ್ತದೆ. ಹೆದರಿಕೆಗೆ ಸುಳ್ಳು ಹೇಳುವುದು ಒಂದು. ನಂಬಿದವಳ ಕೈಯಿಂದಲೇ ಅದಕ್ಕೆ ಸಹಿ ಹಾಕಿಸುವುದು ಇನ್ನೊಂದು.

ಐದನೇ ದಿನ ವಾದ. ವಕೀಲರು ಮಾತಾಡುತ್ತ ಹೋದ ಹಾಗೆ ಅದನ್ನು ಅವಳ ಕಿವಿಯಲ್ಲಿ ಮೆಲ್ಲಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ವಕೀಲರು ಒರಟಾಗಿ ಮಾತಾಡಲಿಲ್ಲ. ಸಹಾನುಭೂತಿಯಿಂದಲೇ ಹೇಳಿದರು, ಗಾಯ ನಿಜ, ನೋವು ನಿಜ, ಆದರೆ ಈಕೆ ನಾಲ್ಕು ತಿಂಗಳು ಒಂದು ನರಪಿಳ್ಳೆಗೂ ಯಂತ್ರದ ವಿಷಯ ಹೇಳಲಿಲ್ಲ, ಅದನ್ನು ಆಕೆಯೇ ಸಹಿ ಹಾಕಿ ಒಪ್ಪಿದ್ದಾರೆ ಎಂದು.

ನಾನು ಅವಳ ಕಿವಿಯಲ್ಲಿ ಹೇಳಿದೆ: "ನಾಲ್ಕು ತಿಂಗಳು ನೀನು ಯಾರಿಗೂ ಹೇಳಲಿಲ್ಲ ಅಂತ ಹೇಳ್ತಿದ್ದಾರೆ."

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ತನಗೇ ಎಲ್ಲೋ ತಪ್ಪಿತೇನೋ ಎಂಬ ಅನುಮಾನ ಆ ಮುಖದಲ್ಲಿತ್ತು. "ನಾನು ಹೇಳಿದ್ದು ನಿಮ್ಗೇ ಅಲ್ವಾ ಅಕ್ಕ?" ಎಂದು, ನನ್ನನ್ನು ಕೇಳುವವಳ ಹಾಗಲ್ಲ, ನೆನಪು ಮಾಡಿಕೊಳ್ಳುವವಳ ಹಾಗೆ ಕೇಳಿದಳು. ತನ್ನ ಕೈ ಎಲ್ಲಿ ಸುಟ್ಟಿತು ಎಂಬ ಬಗ್ಗೆಯೇ ಅವಳಿಗೆ ಅನುಮಾನ ಬರುವಂತೆ ಮಾಡಿದ್ದೆನಲ್ಲ ನಾನು.

ಕೈಯೆತ್ತಿದೆ. ಧೈರ್ಯ ಬಂದು ಎತ್ತಿದ್ದಲ್ಲ, ಇನ್ನೊಂದು ನಿಮಿಷ ಆ ಮುಖ ನೋಡಲಾರದೆ ಎತ್ತಿದ್ದು. "ದುಭಾಷಿಯ ತಿದ್ದುಪಡಿ" ಎಂದೆ. ನೀರು ಕುಡಿದು ಎಲ್ಲ ಹೇಳಿದೆ: ಕೋಲಾಟ, ಬ್ಯಾಂಡೇಜು, ನಾನು ಕೊಟ್ಟ ಮಾತು, ಬಿಟ್ಟ ವಾಕ್ಯ, ಓದುವಾಗ ಹೇಳಿದ ಸುಳ್ಳು, ಫಾರ್ಮಿನ ತಪ್ಪು ಗುರುತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನ್ಯಾಯಾಧೀಶೆ ಮೂರನೇ ದಿನದ ಟಿಪ್ಪಣಿ ಪುಟ ತೆಗೆದು, ಎಲ್ಲರಿಗೂ ಕೇಳುವಂತೆ ಓದಿದರು: "ಉತ್ತರ ಐವತ್ತು ಸೆಕೆಂಡು. ಇಂಗ್ಲಿಷಿನಲ್ಲಿ ಏಳು. ಸಾಕ್ಷಿ ದುಭಾಷಿಯನ್ನು ಬೆರಳಿನಿಂದ ತೋರಿಸಿದಳು. ಕೇಳಬೇಕು." ಪುಟ ಮುಚ್ಚಿ ನನ್ನತ್ತ ನೋಡಿ ಹೇಳಿದರು, "ಸಹಿ ಹಾಕುವಾಗ ತಿದ್ದುತ್ತೀರೆಂದು ಕಾದೆ. ಈ ವಾದ ಮುಗಿದ ಮೇಲೆ ನಾನೇ ಕೇಳುವವಳಿದ್ದೆ."

ಆ ಕಂಪಾಸ್ ಪೆಟ್ಟಿಗೆಯ ಹೆಂಗಸು ತನ್ನ ಮೊದಲ ಕೋರ್ಟಿನಲ್ಲಿ ಕಲಿತದ್ದನ್ನು ಬದುಕಿಡೀ ಮರೆತಿರಲಿಲ್ಲ. ಅದನ್ನು ನನಗೆ ಮೊದಲ ದಿನವೇ ಬಾಯಿಬಿಟ್ಟು ಹೇಳಿಯೂ ಇದ್ದರು. ನಾನು ತಲೆಯಾಡಿಸಿದ್ದೆ.

ವಿಚಾರಣೆ ಅಲ್ಲಿಗೆ ನಿಂತಿತು. ನನ್ನನ್ನು ದುಭಾಷಿಯ ಕುರ್ಚಿಯಿಂದ ಎಬ್ಬಿಸಿದರು. ಮರುದಿನ ಮಂಗಳೂರಿನ ಕಡೆಯ ಒಬ್ಬ ನರ್ಸ್ ದುಭಾಷಿಯಾಗಿ ಬಂದರು. ಲಾಂಡ್ರಿಯವಳ ಹೇಳಿಕೆಯನ್ನು ಮೊದಲಿನಿಂದ ತೆಗೆದುಕೊಂಡರು. ಆಮೇಲೆ ನಾನು ಹೊಸದಾಗಿ ಪ್ರಮಾಣ ಮಾಡಿ ಸಾಕ್ಷಿಯ ಕುರ್ಚಿಯಲ್ಲಿ ಕೂತೆ. ಕಂಪನಿಯ ವಕೀಲರು ಒಂದೇ ಪ್ರಶ್ನೆ ಕೇಳಿದರು.

"ನೀವು ಈ ಕೋಣೆಯಲ್ಲಿ ಎರಡು ಸಲ ಪ್ರಮಾಣ ಮಾಡಿದ್ದೀರಿ. ನಾವು ಯಾವುದನ್ನು ನಂಬಬೇಕು?"

ಮೂರನೇ ದಿನ ನನ್ನ ಒಂದು ಮಾತಿಗೆ ಇದ್ದ ತೂಕ ಆರನೇ ದಿನ ಇರಲಿಲ್ಲ. ಅವಳಿಗೆ ಬೇಕಾಗಿದ್ದ ಸಾಕ್ಷಿ ನಾನೊಬ್ಬಳೇ, ಆ ಸಾಕ್ಷಿಯನ್ನು ನಾನೇ ಹಾಳು ಮಾಡಿಟ್ಟಿದ್ದೆ. ಹೊರಗೆ ಲಿಫ್ಟಿನ ಹತ್ತಿರ ಅವಳು ಕಾದಿದ್ದಳು. "ಅಕ್ಕ, ಇನ್ನು ನಿಮ್ಮ ಕೆಲ್ಸಕ್ಕೆ ಏನಾದ್ರೂ ತೊಂದ್ರೆ ಉಂಟಾ?" ಎಂದು ಕೇಳಿದಳು. ಮುಖಕ್ಕೆ ಮಂಗಳಾರತಿ ಮಾಡಿದ್ದರೆ ಎದುರು ನಿಲ್ಲಬಹುದಿತ್ತು. ಇದಕ್ಕೆ ನಿಲ್ಲಲಾಗಲಿಲ್ಲ, ಮೆಟ್ಟಿಲು ಇಳಿದು ಹೋದೆ.

ಬಾಸ್ ಎಚ್ಚರಿಕೆಯ ಪತ್ರ ಕೊಟ್ಟು ಮತ್ತೆ ಫೈಲುಗಳ ಮುಂದೆ ಕೂರಿಸಿದರು. ಸಂಘದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು. ಉಪಾಧ್ಯಕ್ಷರು ಒಮ್ಮೆ ಫೋನ್ ಮಾಡಿದರು.

"ನನ್ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ. ಅವತ್ತೇ ಹೇಳಿದ್ರೆ ಆ ಬಟ್ಟೆ ಬಿಚ್ಚಿಸ್ತಿದ್ದೆ," ಎಂದರು. ನಿಜವೋ ಸುಳ್ಳೋ ಗೊತ್ತಿಲ್ಲ. ಕೇಳಿ ನೋಡದವಳಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ. ಗಂಡ ಮಾತ್ರ "ಖಲ್ಲಿವಲ್ಲಿ, ಬಿಟ್ಟುಬಿಡು" ಎಂದರು. ಇಲ್ಲಿ ಎಲ್ಲ ತಲೆನೋವಿಗೂ ನಾವು ಹೇಳಿಕೊಳ್ಳುವ ಮಾತು ಅದೇ.

ವರದಿ ಬಂದಾಗ ಅದನ್ನು ಪ್ರಿಂಟ್ ತೆಗೆದು ಬೈಂಡ್ ಮಾಡುವುದು ನನ್ನ ಪಾಲಿಗೇ ಬಂತು. ಅವಳ ಭಾಗವನ್ನು ನಿಂತುಕೊಂಡೇ ಓದಿದೆ. ಆಪರೇಷನ್ ಕಂಪನಿಯೇ ಮಾಡಿಸಬೇಕು, ಕೈ ಸರಿಯಾಗುವವರೆಗೆ ಹಗುರ ಕೆಲಸದಲ್ಲಿ ಇಟ್ಟುಕೊಳ್ಳಬೇಕು ಎಂದಿತ್ತು. ಅದರ ಮೇಲಿನ ಸಾಲುಗಳನ್ನು ಎರಡು ಸಲ ಓದಿದೆ.

ನಾಲ್ಕು ದಿನ ಬಿಟ್ಟು ಅವಳು ತನ್ನ ಪ್ರತಿ ತೆಗೆದುಕೊಳ್ಳಲು ಕಚೇರಿಗೆ ಬಂದಳು. ಕೈಯಲ್ಲಿ ಒಂದು ಡಬ್ಬಿ, ಅದರಲ್ಲಿ ನನಗೆಂದು ಮಾಡಿ ತಂದ ಗೋಳಿಬಜೆ.

"ಸಿಸ್ಟರ್ ಎಲ್ಲಾ ಓದಿ ಹೇಳಿದ್ರು ಅಕ್ಕ. ನಿಮ್ಮ ಉಪಕಾರ ಮರೀಲಿಕ್ಕಿಲ್ಲ. ನೀವು ಅವತ್ತು ಎದ್ದು ಹೇಳಿದ್ರಿಂದ ಅಲ್ವಾ ಇದೆಲ್ಲಾ ಆದದ್ದು?"

ಡಬ್ಬಿ ಬಿಸಿಯಿತ್ತು. ಅದನ್ನು ಮೇಜಿನ ಮೇಲಿಟ್ಟೆ. ಹೌದು ಎಂದಿದ್ದರೆ ಅವಳು ಖುಷಿಯಿಂದ ಹೋಗುತ್ತಿದ್ದಳು, ನಾನೂ ಗೋಳಿಬಜೆ ತಿನ್ನುತ್ತಿದ್ದೆ. "ಕೂತ್ಕೋ, ಒಂದು ಸಾಲು ಓದ್ತೇನೆ" ಎಂದು ವರದಿ ತೆರೆದೆ. ಇಂಗ್ಲಿಷಿನ ಒಂದೊಂದೇ ವಾಕ್ಯ ನೋಡಿ, ಒಂದೊಂದನ್ನೇ ಕನ್ನಡಕ್ಕೆ ತಂದೆ.

"'ಗಾಯ ಯಂತ್ರದಿಂದ ಆದದ್ದು ಎಂಬ ಸಾಕ್ಷಿಯ ಮಾತನ್ನು ನಾನು ನಂಬುತ್ತೇನೆ. ಎರಡು ದಿನ, ಇಬ್ಬರು ದುಭಾಷಿಗಳ ಮುಂದೆ, ಆಕೆ ಒಂದೇ ಮಾತನ್ನು ಹೇಳಿದ್ದಾಳೆ. ಮೊದಲ ದುಭಾಷಿ ಪ್ರಮಾಣ ಮಾಡಿಯೂ ಆ ಮಾತಿನ ಒಂದು ಭಾಗವನ್ನು ಮುಚ್ಚಿಟ್ಟರು. ಅವರು ಆಮೇಲೆ ಕೊಟ್ಟ ಹೇಳಿಕೆಯನ್ನು ನಾನು ಆಧಾರವಾಗಿ ತೆಗೆದುಕೊಂಡಿಲ್ಲ. ಅದರ ಅಗತ್ಯವೂ ಬರಲಿಲ್ಲ.'"

ಅವಳು ಹುಬ್ಬು ಗಂಟಿಕ್ಕಿದಳು. "ಆ ಕಡೇದ್ದನ್ನು ಸಿಸ್ಟರ್ ಓದ್ಲಿಲ್ಲ."

ಓದಿರಲಾರರು. ನನ್ನ ಮರ್ಯಾದೆ ಉಳಿಸಲೆಂದು ಬಿಟ್ಟಿರಬೇಕು. ನಾವೆಲ್ಲ ಒಂದೇ ಅಕ್ಕಿಯ ಅನ್ನ ಉಂಡವರಲ್ಲವೇ.

"ಹಾಗಾದ್ರೆ ನೀವು ಹೇಳಿದ್ರಿಂದ ಅಲ್ವಾ?"

"ಅಲ್ಲ. ನನ್ನ ಮಾತನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ನೀನು ಹೇಳಿದ್ರಿಂದ."

"ನನ್ನ ಮಾತಿಂದ್ಲೇ?"

"ನಿನ್ನ ಮಾತಿಂದ್ಲೇ."

ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಇನ್ನೊಮ್ಮೆ ಓದಿ."

ನಾನು "ಮೊದಲ ದುಭಾಷಿ" ಎಂಬಲ್ಲಿಂದ ಶುರು ಮಾಡಿದೆ. ಅವಳು ತಲೆಯಲ್ಲಾಡಿಸಿ ತಡೆದಳು.

"ಅದಲ್ಲ ಅಕ್ಕ. ಅದು ನಿಮ್ದು. ನಂದು ಓದಿ."

ನಾನು ಅವಳದನ್ನು ಓದಿದೆ.